ಗೆರೆ ಮೊದಲೋ ಮುಖ ಮೊದಲೋ: ಮೇನಿ ಜೆಲೆಟ್ ಕ್ಯೂಬಿಸಂ ಕಲಿತ ಪ್ರಕರಣ

ಫ್ರೆಂಚ್ ಚಿತ್ರಕಾರ ಆಲ್ಬೆರ್ ಗ್ಲೇಜ್ ಅಲ್ಲಿಯವರೆಗೆ ಯಾರಿಗೂ ಚಿತ್ರಕಲೆ ಹೇಳಿಕೊಟ್ಟವನಲ್ಲ, ಹೇಳಿಕೊಡುವ ಇರಾದೆಯೂ ಅವನಿಗಿರಲಿಲ್ಲ. 1921ರ ಕೊನೆಯ ಹೊತ್ತಿಗೆ ಐರ್ಲೆಂಡಿನ ಇಬ್ಬರು ಯುವತಿಯರು ಪ್ಯಾರಿಸ್ಸಿನಲ್ಲಿ ಅವನನ್ನು ಹುಡುಕಿಕೊಂಡು ಬಂದು ‘ನಮ್ಮನ್ನು ಶಿಷ್ಯರಾಗಿ ಸೇರಿಸಿಕೊಳ್ಳಿ’ ಎಂದರು. ಅವರಿಗೆ ಬೇಕಾಗಿದ್ದದ್ದು ಹೂಜಿ, ಗಿಟಾರು, ಹೆಣ್ಣಿನ ಮುಖ ಇವುಗಳನ್ನು ಕ್ಯೂಬಿಸ್ಟ್ ರೀತಿಯಲ್ಲಿ, ಅಂದರೆ ಕೋನ ಕೋನದ ಫಲಕಗಳಾಗಿ ಒಡೆದು, ಬರೆಯುವ ಪಾಠವಲ್ಲ. ವಸ್ತುವೇ ಇಲ್ಲದ ಚಿತ್ರವನ್ನು ಹೇಗೆ ಕಟ್ಟುವುದು ಎಂದು ಅವರು ಕೇಳಿದರು. ಗ್ಲೇಜ್ ಗಾಬರಿಯಾದ, ಆಗುವುದಿಲ್ಲ ಎಂದು ಸಾಗಹಾಕಲು ನೋಡಿದ. ಮೆತ್ತಗಿನ ದನಿಯಲ್ಲಿ ಮಾತಾಡುತ್ತಿದ್ದ ಆ ಇಬ್ಬರು ಜಪ್ಪಯ್ಯ ಎಂದರೂ ಕದಲಲಿಲ್ಲ. ಇದನ್ನೆಲ್ಲ ಗ್ಲೇಜ್ ತಾನೇ ಮುಂದೆ ನೆನೆದು ಬರೆದಿದ್ದಾನೆ.

ಆ ಇಬ್ಬರಲ್ಲಿ ಒಬ್ಬಳು ಮೇನಿ ಜೆಲೆಟ್, ಇನ್ನೊಬ್ಬಳು ಈವಿ ಹೋನ್. ಇಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಮೇನಿಯ ಕಥೆ. ಈ ಒಂದೇ ಪ್ರಕರಣವನ್ನು ಎತ್ತಿಕೊಳ್ಳಲು ಕಾರಣವಿದೆ. ಕ್ಯೂಬಿಸಂ ಹುಟ್ಟಿದ ಬಗೆ ಎಲ್ಲ ಕಡೆ ಸಿಗುತ್ತದೆ: 1907ರಲ್ಲಿ ಪಿಕಾಸೊ ಬರೆದ ಐವರು ಹೆಂಗಸರ ಚಿತ್ರ, 1908ರಲ್ಲಿ ಲೆಸ್ತಾಕ್ ಎಂಬ ಊರಿನ ಮನೆಗಳನ್ನು ಬ್ರಾಕ್ ಬರೆದದ್ದು, ಅದನ್ನು ಕಂಡ ವಿಮರ್ಶಕ ಲೂಯಿ ವೊಸೆಲ್ ‘ಎಲ್ಲ ಬರೀ ಘನಾಕೃತಿ’ ಎಂದು ಮೂದಲಿಸಿದ್ದು, ಆ ಮೂದಲಿಕೆಯೇ ಹೆಸರಾಗಿ ನಿಂತದ್ದು. ಆದರೆ ಅದನ್ನು ಒಬ್ಬರು ಇನ್ನೊಬ್ಬರಿಂದ ಕಲಿತದ್ದು ಹೇಗೆ ಎಂಬ ಮಾತು ಬಂದಾಗ ಕಥೆಗಳು ತೆಳ್ಳಗಾಗುತ್ತವೆ. ಪಿಕಾಸೊ ಆಗಲಿ ಬ್ರಾಕ್ ಆಗಲಿ ಶಾಲೆ ತೆರೆಯಲಿಲ್ಲ, ಪಾಠಪುಸ್ತಕ ಬರೆಯಲಿಲ್ಲ. ಹಾಗಿದ್ದಮೇಲೆ ಡಬ್ಲಿನ್ನಿನಿಂದ ಬಂದ ಇಪ್ಪತ್ತಮೂರರ ಹುಡುಗಿಯೊಬ್ಬಳು ಅದನ್ನು ಕಲಿಯಬೇಕೆಂದರೆ ಯಾರ ಬಳಿ ಕೂರಬೇಕು, ಮೊದಲ ದಿನ ಹಾಳೆಯ ಮೇಲೆ ಏನನ್ನು ಎಳೆಯಬೇಕು?

ಪ್ಯಾರಿಸ್ಸಿಗೆ ಮೊದಲು

ಮೇನಿ ಹುಟ್ಟಿದ್ದು 1897ರ ಏಪ್ರಿಲ್ 29ರಂದು, ಡಬ್ಲಿನ್ನಿನ ಫಿಟ್ಸ್‌ವಿಲಿಯಂ ಸ್ಕ್ವೇರಿನಲ್ಲಿ. ತಂದೆ ವಿಲಿಯಂ ಮಾರ್ಗನ್ ಜೆಲೆಟ್ ಹೆಸರಾಂತ ವಕೀಲ, ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಯೂನಿಯನಿಸ್ಟ್, ಅಂದರೆ ಐರ್ಲೆಂಡ್ ಬ್ರಿಟನ್ನಿನ ಜೊತೆಗೇ ಇರಲಿ ಎನ್ನುವ ಪಕ್ಷದ, ಸದಸ್ಯನೂ ಆದ. ತಾಯಿ ಸಂಗೀತಗಾರ್ತಿ. ನಾಲ್ವರು ಹೆಣ್ಣುಮಕ್ಕಳಲ್ಲಿ ಮೇನಿಯೇ ಹಿರಿಯಳು. ಪಿಯಾನೊ ಚೆನ್ನಾಗಿ ಬರುತ್ತಿತ್ತು, ಕಛೇರಿ ಕಲಾವಿದೆಯಾಗುವ ಆಲೋಚನೆಯೂ ಒಂದು ಕಾಲಕ್ಕೆ ಇತ್ತು. ಎಳೆ ವಯಸ್ಸಿನಲ್ಲಿ ಚಿತ್ರ ಹೇಳಿಕೊಟ್ಟವರಲ್ಲಿ ಕವಿ ಯೇಟ್ಸನ ತಂಗಿ ಎಲಿಜಬೆತ್ ಯೇಟ್ಸ್ ಒಬ್ಬಳು. ಇಷ್ಟು ಹೇಳಿದರೆ ಮನೆಯ ಅನುಕೂಲ ಎಂಥದ್ದೆಂದು ತಿಳಿಯುತ್ತದೆ. ಪ್ಯಾರಿಸ್ಸಿಗೆ ವರ್ಷ ವರ್ಷವೂ ಹೋಗಿ ತಿಂಗಳುಗಟ್ಟಲೆ ಇದ್ದು ಕಲಿಯುವ ಹಟಕ್ಕೆ ಹಿಂದೆ ಒಂದು ಗಟ್ಟಿ ತಿಜೋರಿ ಬೇಕಾಗುತ್ತದೆ. ಅದನ್ನು ಬದಿಗಿಟ್ಟು ಪ್ರತಿಭೆಯನ್ನಷ್ಟೇ ಹೊಗಳುವುದು ನನಗೆ ಒಗ್ಗದು.

ಡಬ್ಲಿನ್ ಮೆಟ್ರೊಪಾಲಿಟನ್ ಸ್ಕೂಲ್ ಆಫ್ ಆರ್ಟಿನಲ್ಲಿ ಆಕೆ ಕಲಿತಾಗ ಅಲ್ಲಿ ಚಿತ್ರಕಾರ ವಿಲಿಯಂ ಆರ್ಪೆನ್‌ನ ಪ್ರಭಾವ ಜೋರಾಗಿತ್ತು. ಮಾಡೆಲ್ ಎದುರಿಗೆ ಕೂತು ಮೈಕಟ್ಟನ್ನು ಗೆರೆಯಲ್ಲಿ ಹಿಡಿಯುವ ಕಟ್ಟುನಿಟ್ಟಿನ ಅಭ್ಯಾಸ ಅದು. ಅಲ್ಲಿಂದ 1917ರಲ್ಲಿ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಶಾಲೆಗೆ ಹೋಗಿ ವಾಲ್ಟರ್ ಸಿಕರ್ಟ್‌ನ ಕೈಕೆಳಗೆ ಎರಡು ವರ್ಷ ಕಲಿತಳು. ಸಿಕರ್ಟ್‌ನ ಪದ್ಧತಿ ಬೇರೆ. ಮಾಡೆಲನ್ನು ನೋಡುತ್ತ ನೇರವಾಗಿ ಕ್ಯಾನ್ವಾಸಿಗೆ ಬಣ್ಣ ಬಳಿಯುವುದನ್ನು ಅವನು ಒಪ್ಪುತ್ತಿರಲಿಲ್ಲ. ಮೊದಲು ರೇಖಾಚಿತ್ರ, ಅದರ ಮೇಲೆ ಚೌಕುಳಿ, ಆಮೇಲೆ ಆ ಚೌಕುಳಿಯ ಲೆಕ್ಕದಲ್ಲಿ ದೊಡ್ಡ ಕ್ಯಾನ್ವಾಸಿಗೆ ವರ್ಗಾವಣೆ. ನಮ್ಮ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಗೂ ಈ ಚೌಕುಳಿ ಹೊಸದಲ್ಲ. ಕಂಡದ್ದು ಬೇರೆ, ಚಿತ್ರವಾಗಿ ಕಟ್ಟಿದ್ದು ಬೇರೆ ಎಂಬ ಅರಿವು ಮೇನಿಗೆ ಬಂದದ್ದು ಇಲ್ಲಿ. ತನ್ನ ಕೆಲಸದಲ್ಲಿ ಮೂರು ಕ್ರಾಂತಿಗಳಾದವು ಎಂದು ಆಕೆ ಮುಂದೆ ಬರೆದುಕೊಂಡಾಗ ಮೊದಲನೆಯದಾಗಿ ಸಿಕರ್ಟ್‌ನನ್ನೇ ಹೆಸರಿಸಿದಳು. ಈವಿ ಹೋನ್ ಪರಿಚಯವಾದದ್ದೂ ಅದೇ ಶಾಲೆಯಲ್ಲಿ. ಈವಿ ಮೂರು ವರ್ಷಕ್ಕೆ ದೊಡ್ಡವಳು, ಬಾಲ್ಯದಲ್ಲಿ ಪೋಲಿಯೊ ಬಡಿದು ನಡೆಯಲು ಕಷ್ಟಪಡುತ್ತಿದ್ದವಳು.

ಕೈ ಬಾರದವರು ಕ್ಯೂಬಿಸಂ ಹಿಡಿಯುತ್ತಾರೆ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಮೇನಿಯ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಪ್ಯಾರಿಸ್ಸಿಗೆ ಕಾಲಿಡುವ ಮೊದಲು ಆಕೆ ಎದುರಿಗಿದ್ದವರನ್ನು ಯಥಾವತ್ತಾಗಿ ಬರೆಯಬಲ್ಲವಳಾಗಿದ್ದಳು, ಆ ಕೌಶಲಕ್ಕೆ ಡಬ್ಲಿನ್ನಿನಲ್ಲಿ ಮನ್ನಣೆಯೂ ಸಿಕ್ಕಿತ್ತು. ಸುಮ್ಮನೆ ಅದೇ ದಾರಿಯಲ್ಲಿ ಮುಂದುವರಿದಿದ್ದರೆ ವಕೀಲರ, ನ್ಯಾಯಾಧೀಶರ ಭಾವಚಿತ್ರ ಬರೆದುಕೊಂಡು ನೆಮ್ಮದಿಯಾಗಿರಬಹುದಿತ್ತು.

ಲೋತ್‌ನ ತರಗತಿ

1921ರಲ್ಲಿ ಇಬ್ಬರೂ ಪ್ಯಾರಿಸ್ಸಿಗೆ ಹೋಗಿ ಆಂದ್ರೆ ಲೋತ್‌ನ ಬಳಿ ಸೇರಿದರು. ಲೋತ್ ಬೋರ್ಡೋ ಊರಿನವನು, ಮರದ ಕೆತ್ತನೆ ಕಲಿತು ಚಿತ್ರಕ್ಕೆ ಬಂದವನು. ಒಳ್ಳೆಯ ಚಿತ್ರಕಾರ ಹೌದೋ ಅಲ್ಲವೋ ಎಂದು ಜನ ವಾದಿಸಬಹುದು, ಅಸಾಧಾರಣ ಮೇಷ್ಟ್ರು ಎಂಬುದರಲ್ಲಿ ವಾದವಿಲ್ಲ. ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸ್ಸೋ ಚೌಕಟ್ಟು ಕಟ್ಟುವುದನ್ನು ಕಲಿತದ್ದು ಇವನಲ್ಲೇ. ನಮ್ಮ ದೇಶದ ಜಹಾಂಗೀರ್ ಸಬಾವಾಲಾ, ರಾಮ್ ಕುಮಾರ್, ಪರಿತೋಷ್ ಸೇನ್ ಇವರೆಲ್ಲ 1940ರ ದಶಕದ ಕೊನೆಯಿಂದೀಚೆಗೆ ಅವನ ಶಾಲೆಯಲ್ಲಿ ಕೂತು ಬಂದವರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿದ್ದರೂ ಕಲಿತದ್ದು ಬೇರೆಡೆ, ಅಕಾಡೆಮಿ ಜೂಲಿಯನ್‌ನಲ್ಲಿ.

ಲೋತ್‌ನ ತರಗತಿಯಲ್ಲಿ ಮಾಡೆಲ್ ಇರುತ್ತಿದ್ದಳು. ಎಲ್ಲ ಶಾಲೆಗಳಲ್ಲೂ ಇರುವ ಹಾಗೆಯೇ. ನೋಡುವ ಕ್ರಮ ಮಾತ್ರ ಬೇರೆ. ಭುಜವನ್ನು ಭುಜವೆಂದು ನೋಡಬೇಡ, ಬೆಳಕಿಗೆ ಮುಖ ಮಾಡಿದ ಒಂದು ಫಲಕ ಮತ್ತು ಬೆಳಕಿಗೆ ಬೆನ್ನು ಮಾಡಿದ ಇನ್ನೊಂದು ಫಲಕ ಎಂದು ನೋಡು. ಆ ಎರಡು ಎಲ್ಲಿ ಕೂಡುತ್ತವೆ? ಆ ಅಂಚು ಹಿಂದಿನ ಗೋಡೆಯ ಯಾವ ಗೆರೆಯ ಜೊತೆ ಹೊಂದುತ್ತದೆ? ಒಂದು ಕಡೆ ಅಂಚನ್ನು ಖಚಿತವಾಗಿ ನಿಲ್ಲಿಸು, ಇನ್ನೊಂದು ಕಡೆ ಅದನ್ನು ಬಿಟ್ಟುಕೊಟ್ಟು ಮೈಯ ಬಣ್ಣ ಗೋಡೆಯ ಬಣ್ಣದೊಳಕ್ಕೆ ಹರಿಯಲಿ. ಹಿಂದಿನ ತಲೆಮಾರಿನ ಫ್ರೆಂಚ್ ಚಿತ್ರಕಾರ ಸೆಜಾನ್‌ನಿಂದ ಬಂದ ಈ ಉಪಾಯಕ್ಕೆ ಲೋತ್ ತುಂಬ ಬೆಲೆ ಕೊಡುತ್ತಿದ್ದ. ಜೊತೆಗೆ ಹಳೆಯ ಗುರುಗಳ ಚಿತ್ರಗಳನ್ನು ಬಿಚ್ಚಿ ನೋಡುವ ಕೆಲಸ: ಎಲ್ ಗ್ರೆಕೊ ಒಂದು ಕೈಯನ್ನು ಆ ಕೋನದಲ್ಲೇ ಯಾಕೆ ಎತ್ತಿಸಿದ, ಕರ್ಣರೇಖೆ ಎಲ್ಲಿ ಹಾಯುತ್ತದೆ, ಚಿತ್ರದ ಉದ್ದ ಅಗಲ ಯಾವ ಪ್ರಮಾಣದಲ್ಲಿ ಭಾಗವಾಗುತ್ತದೆ.

ಇಲ್ಲಿ ನಮ್ಮ ತರಗತಿಗಳ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಕ್ಯೂಬಿಸಂ ಎಂದರೆ ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ನಡೆಯುವ ಅಭ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದೇ. ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಒಂದು ಮುಖ ಬರೆಯುತ್ತಾರೆ. ಕಣ್ಣು, ಮೂಗು, ಬೊಟ್ಟು, ಜಡೆ ಎಲ್ಲ ಮುಗಿದ ಮೇಲೆ ಸ್ಕೇಲಿಟ್ಟು ಅಡ್ಡಾದಿಡ್ಡಿ ಹತ್ತು ಗೆರೆ ಎಳೆದು, ಹುಟ್ಟಿದ ತ್ರಿಕೋನಗಳಿಗೆಲ್ಲ ಒಂದೊಂದು ಪೋಸ್ಟರ್ ಕಲರ್ ತುಂಬುತ್ತಾರೆ. ಗೋಡೆಗೆ ಹಚ್ಚಿದರೆ ಚೆಂದ ಕಾಣುತ್ತದೆ, ಮಕ್ಕಳಿಗೂ ಖುಷಿ. ಆದರೆ ಅಲ್ಲಿ ಗೆರೆ ಬಂದದ್ದು ಮುಖ ಮುಗಿದ ಮೇಲೆ. ಗೆರೆಗೂ ಮುಖಕ್ಕೂ ಕೊಡುಕೊಳ್ಳುವಿಕೆ ಏನೂ ಇಲ್ಲ, ಆ ಹತ್ತು ಗೆರೆಗಳನ್ನು ಬಸ್ಸಿನ ಚಿತ್ರದ ಮೇಲೂ ಎಳೆಯಬಹುದು. ಲೋತ್‌ನ ತರಗತಿಯಲ್ಲಿ ಗೆರೆಯೂ ಮುಖವೂ ಒಟ್ಟಿಗೆ ಹುಟ್ಟುತ್ತವೆ. ಮೂಗಿನ ಪಕ್ಕದ ಫಲಕ ಎಲ್ಲಿ ಮುಗಿಯುತ್ತದೆಂದು ತೀರ್ಮಾನಿಸುವವರೆಗೆ ಮೂಗು ಎಂಬುದೇ ಹಾಳೆಯ ಮೇಲೆ ಇರುವುದಿಲ್ಲ. ಕೆಲಸದ ಈ ಹಿಂದುಮುಂದೇ ಈ ಇಡೀ ಪ್ರಕರಣದ ತಿರುಳು ಎಂದು ನನ್ನ ಎಣಿಕೆ. ಚಿತ್ರ ನೋಡಲು ಕ್ಯೂಬಿಸ್ಟ್ ಆಗಿ ಕಾಣುತ್ತದೋ ಇಲ್ಲವೋ ಎಂಬುದು ಅದರ ಮುಂದೆ ಸಣ್ಣ ಮಾತು.

ಮೇನಿ ಈ ಅವಧಿಯಲ್ಲಿ ಬರೆದ ನಗ್ನ ಅಧ್ಯಯನಗಳಲ್ಲಿ ಬದಲಾವಣೆ ಕಾಣುತ್ತದೆ. ಮೈಗಳು ಕೊರೆದು ನಿಲ್ಲಿಸಿದಂತೆ ಗಟ್ಟಿಯಾಗುತ್ತವೆ, ಹಿನ್ನೆಲೆ ಹಿಂದೆ ಸರಿಯದೆ ಮೈಯ ಜೊತೆಗೇ ಮುಂದಕ್ಕೆ ಬರುತ್ತದೆ. ಲೋತ್‌ನದು ಆಕೆಯ ಎರಡನೆಯ ಕ್ರಾಂತಿ. ಅಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು ಎಂದು ಆಕೆ ಹೇಳಿಕೊಂಡಿದ್ದಾಳೆ.

ಅಷ್ಟು ಒಳ್ಳೆಯ ಮೇಷ್ಟ್ರನ್ನು ಒಂದು ವರ್ಷ ತುಂಬುವ ಮೊದಲೇ ಬಿಟ್ಟುಹೋಗುವ ಮಾತು ಯಾಕೆ ಬಂತು? ಲೋತ್ ಒಂದು ಗಡಿಯಲ್ಲಿ ನಿಲ್ಲುತ್ತಿದ್ದ. ಎಷ್ಟೇ ಫಲಕ ಮಾಡಿದರೂ ಕೊನೆಗೆ ಅದು ಹೆಣ್ಣೋ ಬಂದರೋ ಫುಟ್ಬಾಲ್ ಆಟವೋ ಆಗಿಯೇ ಉಳಿಯಬೇಕು ಎಂಬುದು ಅವನ ನಿಲುವು. ಇಬ್ಬರು ಶಿಷ್ಯೆಯರಿಗೆ ಆ ಗಡಿಯ ಆಚೆ ಏನಿದೆ ಎಂದು ನೋಡಬೇಕಿತ್ತು. ಫಲಕಗಳ ಹೊಂದಾಣಿಕೆಯೇ ಚಿತ್ರವನ್ನು ನಿಲ್ಲಿಸುತ್ತದೆ ಎಂದಾದರೆ ಅದಕ್ಕೆ ಮಾಡೆಲ್‌ನ ಆಸರೆ ಎಷ್ಟು ದಿನ ಬೇಕು? ಜಾಣ ವಿದ್ಯಾರ್ಥಿಗಳು ಇಂಥ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಿದಾಗ ಮೇಷ್ಟ್ರಿಗೆ ಕೋಪ ಬರುವುದೂ ಉಂಟು.

ಸರಿಸು, ತಿರುಗಿಸು

ಗ್ಲೇಜ್ ಹುಟ್ಟಿದ್ದು 1881ರಲ್ಲಿ. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಬಟ್ಟೆಗೆ ವಿನ್ಯಾಸ ಮಾಡುತ್ತಿದ್ದ ತಂದೆಯ ಕಾರ್ಯಾಗಾರದಲ್ಲಿ ಕೆಲಸ ಮಾಡಿ ಬಂದವನು. 1912ರಲ್ಲಿ ಜೀನ್ ಮೆಟ್ಸಿಂಜೆ ಜೊತೆಗೂಡಿ ಕ್ಯೂಬಿಸಂ ಕುರಿತ ಮೊದಲ ಪುಸ್ತಕ ಬರೆದವನೂ ಅವನೇ. ಸಿದ್ಧಾಂತ ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಇಬ್ಬರು ಮುಂದೆ ಕೂತು ‘ಸರಿ, ಈಗ ಪೆನ್ಸಿಲ್ ಎಲ್ಲಿಡಬೇಕು’ ಎಂದು ಕೇಳಿದರೆ ಸಿದ್ಧಾಂತ ಸಾಲದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವನು ಒಂದು ಪದ್ಧತಿಯನ್ನೇ ಕಟ್ಟಬೇಕಾಯಿತು. ಚಿತ್ರಕಲೆಯ ನಿಯಮಗಳನ್ನು ಕುರಿತ ಅವನ ಪ್ರಸಿದ್ಧ ಬರಹ 1923ರಲ್ಲಿ ಪತ್ರಿಕೆಯಲ್ಲಿ ಬಂದು ಮರುವರ್ಷ ಪುಸ್ತಕವಾಯಿತು. ಶಿಷ್ಯೆಯರು ಬಂದು ಸುಮಾರು ಎರಡು ವರ್ಷವಾಗುವ ಹೊತ್ತಿಗೆ. ಆ ಬರಹದಲ್ಲಿ ಅವರ ಪಾಲು ಎಷ್ಟೆಂದು ಅಳೆದು ಹೇಳಲಾಗದು. ಇವರು ಬರದೇ ಹೋಗಿದ್ದರೆ ಅದು ಆ ರೂಪದಲ್ಲಿ ಬರುತ್ತಿರಲಿಲ್ಲ ಎಂದು ಮಾತ್ರ ನಾನು ಧೈರ್ಯವಾಗಿ ಹೇಳುತ್ತೇನೆ. ಕಲಿಸುವ ಕೆಲಸಕ್ಕೆ ಬಿದ್ದವರಿಗೆ ಇದು ಅನುಭವದ ಮಾತು, ತನಗೆ ಏನು ಗೊತ್ತಿಲ್ಲ ಎಂಬುದು ಹೇಳಿಕೊಡಲು ಕೂತಾಗಲೇ ಗೊತ್ತಾಗುವುದು.

ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೈಯಲ್ಲಿ ಹಾಳೆ ಇದ್ದವರು ಮಾಡಿಯೂ ನೋಡಬಹುದು.

ಖಾಲಿ ಹಾಳೆ ಖಾಲಿಯಲ್ಲ. ಅದಕ್ಕೆ ನಾಲ್ಕು ಅಂಚುಗಳಿವೆ, ಒಂದು ನಡುಬಿಂದುವಿದೆ, ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಅಕ್ಷವಿದೆ, ಉದ್ದಕ್ಕೂ ಅಗಲಕ್ಕೂ ಒಂದು ಪ್ರಮಾಣವಿದೆ. ಗ್ಲೇಜ್‌ನ ಪಾಠ ಶುರುವಾಗುವುದು ಅಲ್ಲಿಂದ. ಹೊರಗಿನಿಂದ ಏನನ್ನೂ ತರಬೇಡ, ಇರುವುದರಿಂದ ಕಟ್ಟು. ಹಾಳೆಯ ಪ್ರಮಾಣದಲ್ಲೇ ಒಂದು ಚಿಕ್ಕ ಆಯತವನ್ನು ಒಳಗೆ ಬರೆ. ಈಗ ಅದನ್ನು ಅಂಚಿಗೆ ಸಮಾನಾಂತರವಾಗಿ ಇಟ್ಟುಕೊಂಡೇ ಸ್ವಲ್ಪ ಎಡಕ್ಕೆ ಸರಿಸಿ ಇನ್ನೊಂದು ಬರೆ, ಸ್ವಲ್ಪ ಮೇಲಕ್ಕೆ ಸರಿಸಿ ಮತ್ತೊಂದು. ಒಂದರ ಮೇಲೊಂದು ಬಿದ್ದ ಕಡೆ ಯಾವುದು ಮುಂದೆ ಯಾವುದು ಹಿಂದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ರೈಲು ಹಳಿಯಂತೆ ದೂರದಲ್ಲಿ ಕೂಡುವ ಗೆರೆಗಳ ಸಹಾಯವಿಲ್ಲದೆ ಚಿತ್ರದಲ್ಲಿ ಆಳ ಹುಟ್ಟಿತು. ಆದರೂ ಹಾಳೆ ಸಮತಲವಾಗಿಯೇ ಉಳಿಯಿತು, ಅದರಲ್ಲಿ ತೂತು ಕೊರೆದಂತಾಗಲಿಲ್ಲ. ಇದು ಸರಿಸುವ ಹೆಜ್ಜೆ.

ಎರಡನೆಯದು ತಿರುಗಿಸುವುದು. ಅದೇ ಆಯತಗಳನ್ನು ನಡುವಿನ ಸುತ್ತ ಒಂದಿಷ್ಟು ಓರೆಮಾಡು, ಬಲಕ್ಕೆ ಓರೆಯಾದದ್ದಕ್ಕೆ ಎಡಕ್ಕೆ ಓರೆಯಾದದ್ದು ಜವಾಬು ಕೊಡಲಿ. ಮೊದಲ ಹೆಜ್ಜೆಯಲ್ಲಿ ನೆಟ್ಟಗೆ ನಿಂತಿದ್ದ ಚಿತ್ರ ಈಗ ಸುತ್ತತೊಡಗುತ್ತದೆ. ಮೂಲೆಗಳು ದುಂಡಾಗುತ್ತವೆ, ಕಮಾನುಗಳು ಬರುತ್ತವೆ. ಕಣ್ಣು ಒಂದು ಕಡೆ ತಂಗದೆ ಸುತ್ತು ಹಾಕುತ್ತಲೇ ಇರಬೇಕು, ಎಲ್ಲಿಯೋ ಸಿಕ್ಕಿಹಾಕಿಕೊಂಡರೆ ಅಲ್ಲಿ ಏನೋ ತಪ್ಪಿದೆ ಎಂದು ಅರ್ಥ. ಆಮೇಲೆ ಬಣ್ಣ. ಒಂದು ಮೂಲೆಯ ನೀಲಿಗೆ ಇನ್ನೆಲ್ಲೋ ಒಂದು ತುಣುಕು ನೀಲಿ ಉತ್ತರ ಕೊಡಬೇಕು, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಎತ್ತಿಹಿಡಿಯಬೇಕು.

ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೆ ಇದು ಸರಳೆ ವರಸೆ, ಜಂಟಿ ವರಸೆಯ ಹಾಗೆ ಕೇಳಬಹುದು. ಸಾಹಿತ್ಯವಿಲ್ಲ, ಭಾವವಿಲ್ಲ, ಸ್ವರ ಮಾತ್ರ. ಒಂದನೆಯ ಕಾಲ, ಎರಡನೆಯ ಕಾಲ. ಮೇನಿ ಪಿಯಾನೊ ಮುಂದೆ ವರ್ಷಗಟ್ಟಲೆ ಇಂಥ ವರಸೆ ತೆಗೆದವಳು, ಅವಳ ಬೆರಳಿಗೆ ಈ ಕ್ರಮ ಹೊಸದಾಗಿರಲಿಕ್ಕಿಲ್ಲ. ಒಂದು ಘಟಕದ ಸಂಯೋಜನೆ, ಎರಡು ಘಟಕದ್ದು, ಮೂರು, ನಾಲ್ಕು ಎಂದು ಕಷ್ಟವನ್ನು ಏರಿಸುತ್ತ ಆಕೆ ಕೆಲಸ ಮಾಡಿದಳು. ಪ್ರತಿ ದೊಡ್ಡ ಚಿತ್ರದ ಹಿಂದೆ ಪೆನ್ಸಿಲ್‌ನ, ಗೌಶ್ ಬಣ್ಣದ ಅಭ್ಯಾಸ ಹಾಳೆಗಳು ಸಾಲುಗಟ್ಟಿ ಇರುತ್ತವೆ. ವರ್ಷದ ಒಂದಿಷ್ಟು ಕಾಲ ಫ್ರಾನ್ಸಿನಲ್ಲಿ ಗ್ಲೇಜ್ ಜೊತೆ, ಉಳಿದದ್ದು ಡಬ್ಲಿನ್ನಿನಲ್ಲಿ. ಇದು 1930ರ ದಶಕದ ಆರಂಭದವರೆಗೆ ನಡೆಯಿತು. ಒಂದು ಡಿಪ್ಲೊಮಾ ಕೋರ್ಸಿಗೆ ಸಿಗುವ ಕಾಲದ ಜೊತೆ ಹೋಲಿಸಿದರೆ ಈ ಕಲಿಕೆಯ ಉದ್ದ ದಂಗುಬಡಿಸುತ್ತದೆ.

ಮತ್ತೆ ಗೆರೆ ಮತ್ತು ಮುಖದ ಲೆಕ್ಕಕ್ಕೆ ಬಂದರೆ, ಶಾಲೆಯ ಅಭ್ಯಾಸದಲ್ಲಿ ಮುಖ ಮೊದಲು, ಲೋತ್‌ನಲ್ಲಿ ಎರಡೂ ಒಟ್ಟಿಗೆ. ಗ್ಲೇಜ್‌ನಲ್ಲಿ ಗೆರೆಯೇ ಮೊದಲು, ಮುಖ ಬಂದರೆ ಬಂತು, ಬರದಿದ್ದರೆ ಇಲ್ಲ.

ಡಬ್ಲಿನ್ ನೋಡಿದ್ದು

1923ರ ಅಕ್ಟೋಬರಿನಲ್ಲಿ ಸೊಸೈಟಿ ಆಫ್ ಡಬ್ಲಿನ್ ಪೇಂಟರ್ಸ್ ಪ್ರದರ್ಶನದಲ್ಲಿ ಮೇನಿ ತನ್ನ ಅಮೂರ್ತ ಚಿತ್ರಗಳನ್ನು ಇಟ್ಟಳು. ಅದರಲ್ಲೊಂದು ‘ಡೆಕೊರೇಷನ್’. ಮರದ ಹಲಗೆಯ ಮೇಲೆ ಟೆಂಪೆರಾ ಬಣ್ಣ, ಇಟಲಿಯ ಹಳೆಯ ಪೂಜಾಫಲಕಗಳನ್ನು ನೆನಪಿಗೆ ತರುವ ಕಟ್ಟು, ಒಳಗೆ ಸರಿಸಿ ತಿರುಗಿಸಿದ ಫಲಕಗಳು. ನೋಡುವವರು ಬೆಚ್ಚಿದರು. ಚೌಕ, ಘನ, ವಿಚಿತ್ರ ಆಕಾರ, ಒಂದಕ್ಕೊಂದು ಹೊಂದದ ಬಣ್ಣ, ತನಗಿದು ಬಿಡಿಸಲಾಗದ ಒಗಟು ಎಂದು ಐರಿಶ್ ಟೈಮ್ಸ್ ವಿಮರ್ಶಕ ಬರೆದ. ಅದಾದರೂ ಪ್ರಾಮಾಣಿಕ ಮಾತು. ಐರಿಶ್ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ, ಏ.ಈ. ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕವಿ ಜಾರ್ಜ್ ರಸೆಲ್ ಇನ್ನೂ ಕಟುವಾಗಿದ್ದ. ಜೆಲೆಟ್‌ಳ ಕಲೆ ಮನುಷ್ಯಮಟ್ಟಕ್ಕಿಂತ ಕೆಳಗಿನದು, ಕ್ಯೂಬಿಸಂ ಎಂಬ ಕಲೆಯ ಮಲೇರಿಯಾಕ್ಕೆ ಆಕೆ ತಡವಾಗಿ ಬಲಿಯಾಗಿದ್ದಾಳೆ ಎಂದ.

‘ತಡವಾಗಿ’ ಎಂಬುದು ಚುಚ್ಚುವ ಮಾತಾದರೂ ಸುಳ್ಳಲ್ಲ. 1923ಕ್ಕೆ ಪ್ಯಾರಿಸ್ಸಿನಲ್ಲಿ ಕ್ಯೂಬಿಸಂ ಹಳತಾಗಿತ್ತು, ಪಿಕಾಸೊ ಆಗಲೇ ದಪ್ಪ ದಪ್ಪ ಕೈಕಾಲಿನ ಗ್ರೀಕ್ ಪ್ರತಿಮೆಗಳಂಥ ಹೆಂಗಸರನ್ನು ಬರೆಯುತ್ತಿದ್ದ. ವಿದ್ಯಾರ್ಥಿಗೆ ಮಾತ್ರ ಇದರಿಂದ ಲಾಭವೇ ಆಯಿತು ಅನ್ನಿಸುತ್ತದೆ. ಗದ್ದಲ ಅಡಗಿದ ಮೇಲೆ ಬಂದವರಿಗೆ ಅದರಲ್ಲಿ ಏನು ಗಟ್ಟಿ ಏನು ಜೊಳ್ಳು ಎಂದು ಕೇರಿ ನೋಡಲು ಪುರುಸೊತ್ತು ಸಿಗುತ್ತದೆ.

ಬೈಗುಳವನ್ನು ಅದರ ಕಾಲದಲ್ಲಿಟ್ಟು ನೋಡಬೇಕು. ಐರ್ಲೆಂಡಿನ ಅಂತರ್ಯುದ್ಧ ಮುಗಿದು ಐದು ತಿಂಗಳಷ್ಟೇ ಆಗಿತ್ತು. ಹೊಸ ದೇಶಕ್ಕೆ ತನ್ನದೇ ಮುಖ ಬೇಕಿತ್ತು: ಪಶ್ಚಿಮ ಕರಾವಳಿಯ ಹುಲ್ಲುಚಾವಣಿ ಮನೆ, ಮೀನುಗಾರ, ಮೋಡ. ಅಂಥ ಹೊತ್ತಿನಲ್ಲಿ ಯೂನಿಯನಿಸ್ಟ್ ವಕೀಲನ ಮಗಳು ಪ್ಯಾರಿಸ್ಸಿನಿಂದ ಮುಖವೇ ಇಲ್ಲದ ಚಿತ್ರ ತಂದಿಟ್ಟರೆ ಕೋಪ ಕಲೆಯ ಮೇಲೆ ಮಾತ್ರ ಇರುತ್ತದೆಯೇ? ಮೇನಿ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು. ಭಾಷಣಗಳಲ್ಲಿ, ಲೇಖನಗಳಲ್ಲಿ ಆಕೆ ಹಳೆಯ ಕೆಲ್ಟಿಕ್ ಕಲೆಯನ್ನು ಎತ್ತಿ ತೋರಿಸಿದಳು. ಕಂಡದ್ದನ್ನು ಕಂಡಂತೆ ಬರೆಯದೆ ಹೆಣಿಗೆ, ಸುರುಳಿಗಳಲ್ಲಿ ಸಮತಲವನ್ನು ತುಂಬಿಸಿದ್ದು ಐರ್ಲೆಂಡಿನ ಸ್ವಂತ ಪರಂಪರೆ, ಯಥಾವತ್ ಚಿತ್ರಣವೇ ಹೊರಗಿನಿಂದ ಬಂದದ್ದು ಎಂಬುದು ಆಕೆಯ ವಾದ.

ಆ ಏ.ಈ.ಯ ಬಳಗಕ್ಕೂ ಮೈಸೂರಿಗೂ ಒಂದು ಎಳೆ ಇದೆ. ಕಥೆಗೆ ಅಡ್ಡಮಾತು, ಬಿಡಲು ಮನಸ್ಸಿಲ್ಲ. ಏ.ಈ.ಯಂತೆಯೇ ಥಿಯೊಸಫಿಸ್ಟನಾಗಿದ್ದ ಅವನ ಸ್ನೇಹಿತ, ಐರಿಶ್ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ನೆಲೆಸಿದವರು. ಡಬ್ಲಿನ್ನಿನಲ್ಲಿ ಈ ಜಗಳ ನಡೆದ ಮರುವರ್ಷ, 1924ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳಲು ನೆರವಾದವರು ಇದೇ ಕಸಿನ್ಸ್. ಇಂಗ್ಲಿಷಿನಲ್ಲಿ ಕವಿತೆ ಬರೆದುಕೊಂಡು ತಮ್ಮ ಮುಂದೆ ನಿಂತ ಕುಪ್ಪಳಿಯ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿದವರೂ ಅವರೇ. ಮಲೆನಾಡಿನಿಂದ ಬಂದಿದ್ದ ಕುವೆಂಪು ಅವರಿಗೆ ಮಲೇರಿಯಾ ಎಂಬುದು ವಿಮರ್ಶೆಯ ಅಲಂಕಾರವಾಗಿರಲಿಲ್ಲ, ಮನೆಮನೆಯನ್ನು ಖಾಲಿ ಮಾಡುತ್ತಿದ್ದ ಜ್ವರ. ನೆಲದ್ದೇ ಆದ ಕಲೆ ಬೇಕು ಎಂಬ ಒಂದೇ ಹಂಬಲ ಮೈಸೂರಿನಲ್ಲಿ ಒಬ್ಬ ಹುಡುಗನಿಗೆ ಬಾಗಿಲು ತೆಗೆಯಿತು, ಡಬ್ಲಿನ್ನಿನಲ್ಲಿ ಒಬ್ಬ ಹುಡುಗಿಯ ಮುಖಕ್ಕೆ ಬಾಗಿಲು ಹಾಕಿತು.

ಮೇನಿ ಪ್ರದರ್ಶನ ನಿಲ್ಲಿಸಲಿಲ್ಲ. ಮರುವರ್ಷ ಈವಿಯ ಜೊತೆ ಜಂಟಿ ಪ್ರದರ್ಶನ ಮಾಡಿದಳು. 1928ರಲ್ಲಿ ಹದಿನೈದನೆಯ ಶತಮಾನದ ಇಟಲಿಯ ಚಿತ್ರಕಾರ ಫ್ರಾ ಆಂಜೆಲಿಕೊಗೆ ಗೌರವವಾಗಿ ಬರೆದ ಚಿತ್ರವನ್ನು ತೋರಿಸಿದಾಗ ಗಾಳಿ ತಿರುಗಿತು. ಮೇರಿಗೆ ಕಿರೀಟವಿಡುವ ಆತನ ಹಳೆಯ ಚಿತ್ರದ ಕಟ್ಟನ್ನೇ ತೆಗೆದುಕೊಂಡು ಗ್ಲೇಜ್ ಕ್ರಮದಲ್ಲಿ ಕಟ್ಟಿದ್ದು ಅದು. ಬಾಗಿದ ಆಕೃತಿಗಳು ಇವೆಯೇನೋ ಅನ್ನಿಸುತ್ತದೆ, ಹಿಡಿಯಹೋದರೆ ಜಾರುತ್ತವೆ. ಜನಕ್ಕೆ ಅದು ಹಿಡಿಸಿತು, ವಿಮರ್ಶಕರೂ ಮೆತ್ತಗಾದರು. ಹಿಡಿಸಲು ಕಾರಣ ಕ್ಯೂಬಿಸಂ ಅರ್ಥವಾದದ್ದೋ, ಮೇರಿ ಮಾತೆಯ ನೆರಳು ಕಂಡದ್ದೋ? ಎರಡನೆಯದು ಎಂದೇ ನನ್ನ ಗುಮಾನಿ.

ಶಿಷ್ಯೆ ಮೇಷ್ಟ್ರಾದ ಮೇಲೆ

ಮನೆಯಲ್ಲೇ ಮೇನಿ ಚಿತ್ರಕಲೆಯ ಪಾಠ ಮಾಡುತ್ತಿದ್ದಳು, ದೊಡ್ಡವರಿಗೂ ಮಕ್ಕಳಿಗೂ. ಎಲ್ಲಿಂದಲೋ ಕಲಿತು ಬಂದು ಊರಿನಲ್ಲಿ ಹಂಚದೆ ಕೂತವಳಲ್ಲ. 1938ರ ಗ್ಲಾಸ್ಗೋ ಎಂಪೈರ್ ಪ್ರದರ್ಶನದ ಐರಿಶ್ ಮಂಟಪಕ್ಕೆ ದೊಡ್ಡ ಭಿತ್ತಿಚಿತ್ರಗಳನ್ನು ಮಾಡುವ ಕೆಲಸ ಆಕೆಗೆ ಬಂತು, ಹದಿನೈದು ವರ್ಷದ ಹಿಂದೆ ಯಾವ ದೇಶ ಒಗಟು ಎಂದಿತ್ತೋ ಅದೇ ದೇಶದ ಪರವಾಗಿ. 1942ರಲ್ಲಿ ಫ್ರೆಂಚ್ ಚಿತ್ರಕಾರ ರೂವೊ ಬರೆದ ಕ್ರಿಸ್ತನ ಚಿತ್ರವೊಂದನ್ನು ಡಬ್ಲಿನ್ನಿನ ನಗರ ಗ್ಯಾಲರಿ ಬೇಡವೆಂದಾಗ ಹೊಸ ಕಲಾವಿದರು ರೊಚ್ಚಿಗೆದ್ದರು. ಮರುವರ್ಷ ಐರಿಶ್ ಎಕ್ಸಿಬಿಷನ್ ಆಫ್ ಲಿವಿಂಗ್ ಆರ್ಟ್ ಎಂಬ ಹೊಸ ವಾರ್ಷಿಕ ಪ್ರದರ್ಶನ ಆರಂಭವಾಯಿತು. ಅದರ ಮುಂದಾಳುಗಳಲ್ಲಿ ಮೇನಿ ಇದ್ದಳು. ಆ ಹೊತ್ತಿಗೆ ಕ್ಯಾನ್ಸರ್ ಹಿಡಿದಿತ್ತು. 1944ರ ಫೆಬ್ರುವರಿ 16ರಂದು, 46ರ ವಯಸ್ಸಿನಲ್ಲಿ ತೀರಿಕೊಂಡಳು.

ಈ ಕಲಿಕೆಯ ಬಗ್ಗೆ ನನ್ನ ತಕರಾರು ಒಂದಿದೆ. 1920ರ ದಶಕದಲ್ಲಿ ಮೇನಿ ಮತ್ತು ಈವಿ ಬರೆದ ಅಮೂರ್ತ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾರದು ಯಾವುದು ಎಂದು ಹೇಳಲು ತಡವರಿಸಬೇಕಾಗುತ್ತದೆ. ಗ್ಲೇಜ್‌ನದ್ದನ್ನೂ ಜೊತೆಗಿಟ್ಟರೆ ಇನ್ನೂ ಕಷ್ಟ. ಪದ್ಧತಿ ಅಷ್ಟು ಬಿಗಿಯಾಗಿದ್ದರೆ ಕೈಗಳೆಲ್ಲ ಒಂದೇ ಕೈಯಾಗುತ್ತವೆ. ಗುರುವಿನ ಹಾಗೇ ಬರೆಯುವ ಶಿಷ್ಯರು ಎಲ್ಲ ಪದ್ಧತಿಗಳಲ್ಲೂ ಇರುತ್ತಾರೆ. ಆದರೆ ಮುಖವಿಲ್ಲದ, ವಸ್ತುವಿಲ್ಲದ ಚಿತ್ರದಲ್ಲಿ ಬೇರೆಯಾಗಿ ಕಾಣಲು ಉಳಿದಿರುವ ಜಾಗವೇ ಕಡಿಮೆ. ಹತ್ತು ವರ್ಷ ಅಷ್ಟು ಕಟ್ಟುನಿಟ್ಟಾಗಿ ಅಲ್ಲಿ ಇರಬೇಕಿತ್ತೇ? ಐದಾರು ವರ್ಷ ಸಾಲುತ್ತಿತ್ತು ಎಂದು ಹೇಳುವವರ ಮಾತಿಗೆ ನಾನು ಪೂರ್ತಿ ತಲೆಯಾಡಿಸಲಾರೆ, ತೆಗೆದುಹಾಕಲೂ ಆರೆ.

ಇಬ್ಬರ ದಾರಿ ಬೇರೆಯಾದದ್ದು ಹೊಸ ಮಾಧ್ಯಮ, ಹೊಸ ನೋಟ ಎದುರಾದಾಗ. ಈವಿ 1920ರ ದಶಕದ ನಡುವೆ ಸನ್ಯಾಸಿನಿಯಾಗಲೆಂದು ಕಾನ್ವೆಂಟ್ ಒಂದನ್ನು ಸೇರಿ, ಅಲ್ಲಿರಲಾಗದೆ ಮರಳಿ ಬಂದು, ಮುಂದೆ ಬಣ್ಣದ ಗಾಜಿನ ಕೆಲಸಕ್ಕೆ ಇಳಿದಳು. ಸೀಸದ ಪಟ್ಟಿಗಳ ನಡುವೆ ಬಣ್ಣದ ಫಲಕಗಳನ್ನು ಕೂರಿಸುವ ಆ ಕೆಲಸಕ್ಕೆ ಗ್ಲೇಜ್ ಪಾಠ ಹೇಳಿಮಾಡಿಸಿದಂತಿತ್ತು. ಇಂಗ್ಲೆಂಡಿನ ಈಟನ್ ಕಾಲೇಜಿನ ಚಾಪೆಲ್‌ಗೆ 1949ರಿಂದ 1952ರವರೆಗೆ ಆಕೆ ಮಾಡಿದ ಬೃಹತ್ ಕಿಟಕಿ ಅವಳನ್ನು ಹೊರಗಿನ ಜಗತ್ತಿಗೂ ಪರಿಚಯಿಸಿತು. ಅದರಲ್ಲಿ ಮೂರ್ತರೂಪಗಳಿವೆ, ಯೇಸುವಿದ್ದಾನೆ.

ಮೇನಿಗೆ ತಿರುವು ಕೊಟ್ಟದ್ದು 1935ರ ಕೊನೆಯಲ್ಲಿ ಲಂಡನ್ನಿನ ಬರ್ಲಿಂಗ್ಟನ್ ಹೌಸಿನಲ್ಲಿ ಶುರುವಾದ ಚೀನೀ ಕಲೆಯ ಮಹಾಪ್ರದರ್ಶನ. ಪ್ರಕೃತಿಯನ್ನು ನಕಲು ಮಾಡದೆಯೂ ಪ್ರಕೃತಿಯನ್ನು ಬಿಟ್ಟುಕೊಡದೆಯೂ ಬರೆದ ಚಿತ್ರಗಳನ್ನು ಆಕೆ ಅಲ್ಲಿ ಕಂಡಳು. ಆಮೇಲಿನ ವರ್ಷಗಳಲ್ಲಿ ಅವಳ ಹಲಗೆಯ ಮೇಲೆ ಬೆಟ್ಟ, ಸಮುದ್ರ, ಪ್ರಾಣಿ ಮರಳಿ ಬರತೊಡಗಿದವು. ಕೊನೆಯ ವರ್ಷಗಳಲ್ಲಿ ಐರ್ಲೆಂಡಿನ ಅಕಿಲ್ ದ್ವೀಪದ ಕುದುರೆಗಳನ್ನು ಬರೆದಿದ್ದಾಳೆ. ಹಾಗಾದರೆ ಕ್ಯೂಬಿಸಂ ಬಿಟ್ಟಳೇ? ಆ ಚಿತ್ರದಲ್ಲಿ ಕುದುರೆಯ ಕತ್ತಿನ ಬಾಗು ಅಲೆಯ ಬಾಗಾಗುತ್ತದೆ, ಅಲೆ ಹಿಂದಿನ ಗುಡ್ಡವನ್ನು ಸುತ್ತಿ ಇನ್ನೊಂದು ಕುದುರೆಯ ಬೆನ್ನಿಗೆ ಬಂದು ಸೇರುತ್ತದೆ, ಕಣ್ಣಿಗೆ ತಂಗಲು ಜಾಗ ಸಿಗುವುದಿಲ್ಲ. ಸುತ್ತುಗಳನ್ನು ಮೊದಲು ಹಾಕಿಕೊಂಡು ಕುದುರೆಗಳನ್ನು ಆಮೇಲೆ ಅದರೊಳಗೆ ಕರೆದ ಹಾಗಿದೆ.